ಸಂಬಂಧಕ್ಕಲ್ಲದ ಉಡಿ

"ಸೀಟು ಸಿಕ್ಕೇ ಸಿಗತೈತೆ ಅಂತ ಹೆಂಗೆ ಹೇಳ್ತೀಯಮ್ಮಾ?"

ಹರಿಹರದ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದ ಗಂಡಿನ ತಾಯಿ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು. ದಾವಣಗೆರೆ ಮಂಡಿಪೇಟೆಯ ಬೆಲ್ಲದ ವ್ಯಾಪಾರಿಗಳ ಮನೆಯವರು. ದೆಹಲಿಯಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೇನೆ, ಸೀಟು ಸಿಕ್ಕೇ ಸಿಗುತ್ತದೆ, ಸದ್ಯಕ್ಕೆ ಮದುವೆಯ ಮಾತೇ ಬೇಡ ಎಂದು ನಾನು ಆಗತಾನೇ ಹೇಳಿದ್ದೆ. ಗಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದ್ದ. ಅಡುಗೆಮನೆ ಬಾಗಿಲಲ್ಲಿ ಅವ್ವ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ತೊಂಬತ್ತರ ದಶಕದ ಕೊನೆಯ ಮಾತಿದು.

"ಅರ್ಥಶಾಸ್ತ್ರ ಓದಿದೋರು ಬೇಕಾದಷ್ಟು ಜನ ಬರ್ತಾರ್ರಿ. ಸೀಟು ಕೊಡೋರು ನೋಡೋದು ಗಣಿತ. ನಾನು ಎಂ.ಎ.ಗೆ ಮುಂಚೆ ಬಿ.ಎಸ್ಸಿ.ಲಿ ಗಣಿತಾನೇ ಓದಿದೀನಿ. ಇಂಗ್ಲಿಷ್ ಮಾತಾಡುವಾಗ ಸ್ವಲ್ಪ ತಡವರಿಸ್ತೀನಿ. ಆದ್ರೂ ತಗೊಂತಾರೆ" ಎಂದೆ.

ಆಕೆ ಎದ್ದು, ಚೀಲದಿಂದ ಅಕ್ಕಿ, ಕೊಬ್ಬರಿ, ಹಸಿರು ಖಣ ತೆಗೆದು ನನ್ನ ಉಡಿ ತುಂಬಿದರು. ನಮ್ಮಲ್ಲಿ ಹೆಣ್ಣು ಒಪ್ಪಿಗೆಯಾದರೆ ಹೀಗೇ ಮಾಡುವುದು. ಅವ್ವ ಹಿಗ್ಗಿಹೋಗಿ ಹಂಚಲು ಸಕ್ಕರೆ ಬಟ್ಟಲನ್ನೇ ತಂದುಬಿಟ್ಟಳು.

"ಸಕ್ಕರೆ ಬ್ಯಾಡ್ರಿ, ಇದು ಸಂಬಂಧಕ್ಕಲ್ಲ" ಎಂದರು ಆಕೆ. "ಮನೆ ಬಿಟ್ಟು ಹೋಗೋ ಮಗಳನ್ನ ಬರೀ ಉಡೀಲಿ ಕಳಿಸಬಾರದು."

ಆ ಖಣದಲ್ಲಿ ಹೊಲಿಸಿದ ಕುಬಸ ತೊಟ್ಟು ದೆಹಲಿಯ ಸಂದರ್ಶನಕ್ಕೆ ಕೂತೆ. ತಡವರಿಸಿದೆ, ಸೀಟೂ ಸಿಕ್ಕಿತು. ನನ್ನ ಬಲಾಬಲವನ್ನು ಅವತ್ತು ಸರಿಯಾಗಿಯೇ ತೂಗಿದ್ದೆ. ಆದರೆ ನಾನು ಬೇಡವೆಂದ ಮನೆಯವರೇ ನನ್ನನ್ನು ಹರಸಿ ಕಳಿಸುತ್ತಾರೆಂದು ಎಣಿಸಿರಲಿಲ್ಲ.