ಟೇಪಮ್ಮನ ತೊಟ್ಟಿಯಲ್ಲಿ ಭಾವ

ಬಂದರಿನ ಹಿಂದಿನ ಬೀದಿಯಲ್ಲಿ, ಬಲೆ ಮಾರುವ ಅಂಗಡಿಗೂ ಮಂಜುಗಡ್ಡೆ ಕಾರ್ಖಾನೆಗೂ ನಡುವೆ, ಸಮುದ್ರದೊಳಗೆ ಮುಳುಗುವವರಿಗೆ ಸ್ಕೂಬಾ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಅದನ್ನು ನಡೆಸುವವರನ್ನು ಬೀದಿಯವರೆಲ್ಲ ಟೇಪಮ್ಮ ಎಂದೇ ಕರೆಯುತ್ತಾರೆ. ಊಟಕ್ಕೆ ಕೂತಾಗಲೂ ಕೊರಳಿನ ಅಳತೆ ಟೇಪು ಕೆಳಗಿಳಿಯದ ಕಾರಣ ಆ ಹೆಸರು ಅಂಟಿಕೊಂಡಿತು.

ಟೇಪಮ್ಮ ಮೊದಲು ದರ್ಜಿಯಾಗಿದ್ದವರು. ಇಪ್ಪತ್ತೆರಡು ವರ್ಷದ ಹಿಂದೆ ಡೈವಿಂಗ್ ಕಲಿಸುವವನೊಬ್ಬ ಮೊಣಕೈ ಹರಿದ ವೆಟ್‌ಸೂಟ್ ತಂದು, ಹೊಲಿದುಕೊಡಿ ಎಂದ. ರಬ್ಬರಿನ ಆ ಬಿಗಿ ಉಡುಪು ಎರಡು ಸೂಜಿ ಮುರಿಯಿತು. ಟೇಪಮ್ಮನಿಗೆ ಹಠ ಬಂತು. ಮೊದಲು ಅಂಟು ಹಾಕಿ, ಅದು ಒಣಗಿದ ಮೇಲೆ ಸೂಜಿಯನ್ನು ರಬ್ಬರಿನ ಅರ್ಧ ದಪ್ಪಕ್ಕೆ ಮಾತ್ರ ಇಳಿಸಿ ಹೊಲಿದರೆ ತೂತು ಆಚೆಗೆ ಬೀಳುವುದಿಲ್ಲ, ನೀರೂ ನುಗ್ಗುವುದಿಲ್ಲ ಎಂಬುದನ್ನು ಒಂದು ವಾರದಲ್ಲಿ ತಾವೇ ಕಂಡುಕೊಂಡರು. ಆಮೇಲೆ ಹರಿದ ಸೂಟುಗಳು ಸಾಲುಗಟ್ಟಿ ಬಂದವು. ಊರು ಬಿಡುವವರು ತಮ್ಮ ಹಳೆಯ ಸಾಮಾನನ್ನೂ ಅಲ್ಲೇ ಬಿಟ್ಟು ಹೋಗತೊಡಗಿದರು. ಹೊಲಿಗೆಗೆ ಬಂದ ಅಂಗಿಗಳು ಒಂದೊಂದಾಗಿ ಗೋಡೆಯಿಂದ ಇಳಿದು, ಅವುಗಳ ಮೊಳೆಗಳಲ್ಲಿ ಕಪ್ಪು ಸೂಟುಗಳು ತಲೆಯಿಲ್ಲದ ಪೈಲ್ವಾನರಂತೆ ತೂಗಾಡಿದವು.

ದರ್ಜಿ ಕೆಲಸ ಬಿಟ್ಟರೂ ದರ್ಜಿಯ ಬುದ್ಧಿ ಬಿಡಲಿಲ್ಲ. ಗಿರಾಕಿ ತನ್ನ ಸೊಂಟ ಮೂವತ್ತೆರಡು ಎಂದರೆ, "ಯಾವ ವರ್ಷದ ಮೂವತ್ತೆರಡು?" ಎಂದು ಕೇಳಿ ಟೇಪು ಎಳೆಯುತ್ತಾರೆ.

ಅವರ ಇನ್ನೊಂದು ಕಟ್ಟುನಿಟ್ಟು ಹಿತ್ತಲಿನ ಸಿಮೆಂಟ್ ತೊಟ್ಟಿಯದು. ಆ ಬಂದರಿನಿಂದ ವರ್ಷಕ್ಕೆ ನಾಲ್ಕೈದು ಬಾರಿ ಒಂದು ದೊಡ್ಡ ದೋಣಿ ಹೊರಟು, ಒಂದೂವರೆ ದಿನ ಸಾಗಿ, ಜನರೇ ಇಲ್ಲದ ಹವಳದ ದಿಬ್ಬಗಳ ನಡುವೆ ಲಂಗರು ಹಾಕುತ್ತದೆ. ಹತ್ತು ದಿನ ಅದರಲ್ಲೇ ಊಟ, ಅದರಲ್ಲೇ ನಿದ್ದೆ, ದಿನಕ್ಕೆ ಮೂರು ಸಲ ನೀರಿನೊಳಗೆ. ಅಲ್ಲಿ ಒಂದು ಪಟ್ಟಿ ಕಿತ್ತುಹೋದರೆ ಓಡಿಹೋಗಿ ತರಲು ಅಂಗಡಿಯಿಲ್ಲ. ಆದ್ದರಿಂದ ಆ ದೋಣಿ ಹತ್ತುವವರು ಬಾಡಿಗೆಯ ಸಾಮಾನನ್ನೆಲ್ಲ ತೊಟ್ಟು, ಎದೆಮಟ್ಟ ನೀರಿನ ಆ ತೊಟ್ಟಿಯ ತಳದಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಕೂತು ತೋರಿಸದವರಿಗೆ ಟೇಪಮ್ಮ ಒಂದು ಬಕಲನ್ನೂ ಕೊಡುವುದಿಲ್ಲ.

ಈ ಸಲ ದೋಣಿ ಹತ್ತುವವರಲ್ಲಿ ಟೇಪಮ್ಮನ ಸ್ವಂತ ಅಕ್ಕನೂ ಭಾವನೂ ಇದ್ದರು. ಅಕ್ಕ ಅಂಚೆ ಕಚೇರಿಯಿಂದ ನಿವೃತ್ತರಾದವರು. ಮಂಡಿನೋವಿಗೆ ಡಾಕ್ಟರು ನೀರಿಗಿಳಿಯಿರಿ ಎಂದರು. ಅಕ್ಕ ಇಳಿದರು, ಇಳಿಯುತ್ತಲೇ ಹೋದರು. ಎರಡು ವರ್ಷದಲ್ಲಿ ಅರವತ್ತು ಬಾರಿ ಸಮುದ್ರದ ತಳ ನೋಡಿ ಬಂದಿದ್ದರು. ಭಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಆ ಅರವತ್ತು ಬಾರಿಯೂ ಅವರು ದಡದಲ್ಲಿ ಟವೆಲ್ ಹಿಡಿದು ಕೂತಿದ್ದರು.

ನೀರಿನೊಳಗೆ ಯಾರೂ ಒಂಟಿಯಾಗಿ ಹೋಗುವಂತಿಲ್ಲ, ಇಬ್ಬಿಬ್ಬರ ಜೋಡಿಯಾಗಿಯೇ ಹೋಗಬೇಕು. ಅಕ್ಕ ಮೇಲೆ ಬಂದು ಟವೆಲ್ ಇಸಿದುಕೊಂಡು, ಆ ದಿನದ ಜೋಡಿಯ ಕಡೆ ತಿರುಗಿ, "ಆ ಆಮೆ ನಮ್ಮನ್ನ ನೋಡಿದ ರೀತಿ ನೋಡಿದ್ರಾ?" ಎಂದು ಕೇಳುವರು. ಮದುವೆಯಾಗಿ ಮೂವತ್ತೈದು ವರ್ಷವಾದ ಗಂಡ ಎದುರಿಗೇ ನಿಂತಿರುವಾಗ ಹೆಂಡತಿಗೆ ಪ್ರತಿ ಭಾನುವಾರ ಒಂದು ಹೊಸ ಜೋಡಿ. ಭಾವನಿಗೆ ಇದು ಸಹಿಸಲಾಗಲಿಲ್ಲ. ಎರಡು ತಿಂಗಳು ಈಜುಕೊಳಕ್ಕೆ ಹೋಗಿ ಡೈವಿಂಗ್ ಕಲಿತು ಪಾಸಾದರು. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕಿನೊಳಗೆ ಬಂದ ನೀರನ್ನು ಮೂಗಿನಿಂದ ಊದಿ ಹೊರಹಾಕುವ ಪಾಠದಲ್ಲಂತೂ ತರಗತಿಗೇ ಮೊದಲಿಗರು. ಕೊನೆಯ ವಾರ ಅಕ್ಕನೂ ಜೊತೆಗಿಳಿದು ಅಭ್ಯಾಸ ಮಾಡಿಸಿದ್ದರು.

ಇನ್ನು ಉಳಿದಿದ್ದು ದೋಣಿಯವರ ಷರತ್ತು. ಮೊದಲ ದಿನ ಎಲ್ಲರನ್ನೂ ಕಡಿಮೆ ಆಳದಲ್ಲಿ ಇಳಿಸಿ ನೋಡುತ್ತಾರೆ. ತಡವರಿಸಿದವರು ಉಳಿದ ಒಂಬತ್ತು ದಿನ ದೋಣಿಯ ಮೇಲೆಯೇ.

ದೋಣಿ ಹೊರಡಲು ಎರಡು ದಿನವಿತ್ತು. ಮಧ್ಯಾಹ್ನ ಭಾವ ಒಬ್ಬರೇ ಅಂಗಡಿಗೆ ಬಂದರು.

"ಏನಮ್ಮಾ, ಸ್ವಂತ ಭಾವನಿಗೂ ಟೇಪಾ?"

"ಭಾವಂದಿರಿಗೆ ಎರಡು ಸಲ. ಹೊಟ್ಟೆ ಬಿಡಿ ಭಾವ."

"ಬಿಟ್ಟೇ ಇದೀನಲ್ಲ."

"ಹಾಗಾದ್ರೆ ಒಂದು ಮಾತಾಡಿ ನೋಡೋಣ."

ಮಾತಾಡಲು ಭಾವ ಬಾಯಿ ತೆರೆದರು. ಟೇಪು ಎರಡು ಇಂಚು ಮುಂದೆ ಹೋಯಿತು. ಟೇಪಮ್ಮ ಒಂದು ಅಳತೆ ದೊಡ್ಡ ಸೂಟನ್ನು ಮೊಳೆಯಿಂದ ತೆಗೆದರು.

ತೊಟ್ಟಿಯಲ್ಲಿ ಭಾವ ಡ್ರಿಲ್ ಮೇಷ್ಟ್ರಿಗೆ ತಕ್ಕಂತೆ ನೆಟ್ಟಗೆ ಕೂತರು. ಟೇಪಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಗಡಿಯಾರ ನೋಡಿದರು. ಸೂಟು ಸರಿಯಿತ್ತು, ಗಾಳಿಯ ಕೊಳವೆ ಸರಿಯಿತ್ತು. ಆದರೆ ಅರ್ಧ ನಿಮಿಷಕ್ಕೊಮ್ಮೆ ಭಾವನ ತಲೆ ಮೆಲ್ಲಗೆ ಮೇಲಕ್ಕೆ ವಾಲುತ್ತಿತ್ತು, ಮಾಸ್ಕಿನ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿತ್ತು. ಟೇಪಮ್ಮ ಎಣಿಸಿದರು.

ಹತ್ತು ನಿಮಿಷವಾದ ಮೇಲೆ ಭಾವ ಗೆದ್ದವರಂತೆ ಎದ್ದರು. "ಹೇಗಿತ್ತು? ಅಲ್ಲಾಡಿದ್ನಾ?"

"ಅಲ್ಲಾಡಲಿಲ್ಲ. ಹತ್ತೊಂಬತ್ತು ಸಲ ಮೂಗು ಊದಿದ್ರಿ."

"ಹೌದು, ನೀರು ಬರುತ್ತಲ್ಲ."

"ಕ್ಲಾಸಲ್ಲೂ ಹೀಗೇ ಬರ್ತಿತ್ತಾ?"

"ಮೊದಲ ದಿನದಿಂದ. ಎಲ್ಲರಿಗೂ ಬರುತ್ತಲ್ವಾ? ಇಲ್ಲದಿದ್ರೆ ಆ ಪಾಠ ಯಾಕೆ ಕಲಿಸ್ತಾರೆ?"

ಟೇಪಮ್ಮ ಹಣೆ ಚಚ್ಚಿಕೊಳ್ಳಲಿಲ್ಲ. ಗಿರಾಕಿಗಳ ಮುಂದೆ ಹಾಗೆ ಮಾಡುವ ಪದ್ಧತಿ ಅವರಿಗಿಲ್ಲ. ಒಳಗೆ ಹೋಗಿ ಇನ್ನೂ ನಾಲ್ಕು ಮಾಸ್ಕ್ ತಂದರು. ಒಂದೊಂದನ್ನೂ ಭಾವನ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಲು ಹೇಳಿ, ಕೈ ಬಿಟ್ಟರು. ಸರಿಹೊಂದಿದ ಮಾಸ್ಕ್ ಹಲ್ಲಿಯಂತೆ ಕಚ್ಚಿಕೊಳ್ಳಬೇಕು. ನಾಲ್ಕೂ ಹಣ್ಣೆಲೆಯಂತೆ ಉದುರಿದವು. ಆಗ ಟೇಪಮ್ಮ ಭಾವನ ಮುಖವನ್ನು ದರ್ಜಿಯ ಕಣ್ಣಿನಿಂದ ನೋಡಿದರು. ಮೂಗಿಗೂ ತುಟಿಗೂ ನಡುವಿನ ಜಾಗವನ್ನು ಒಂದು ಎಳೆಯೂ ಬಿಡದೆ ಆಕ್ರಮಿಸಿಕೊಂಡು, ಎರಡೂ ಕಡೆ ಕೆನ್ನೆಗೆ ದಾಳಿಯಿಟ್ಟ ಮೀಸೆ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿಗಿಂತ ಹೆಚ್ಚು ಕೆಲಸ ಮಾಡಿದ ಮೀಸೆ.

"ಭಾವ, ಕಳ್ಳದಾರಿ ಸಿಕ್ತು. ಮಾಸ್ಕಿನ ಅಂಚು ಚರ್ಮದ ಮೇಲೆ ಕೂರಬೇಕು. ನಿಮಗೆ ಕೂದಲ ಮೇಲೆ ಕೂತಿದೆ. ನೀರು ಮೀಸೆ ಹಿಡ್ಕೊಂಡು ಒಳಗೆ ಬರ್ತಿದೆ."

"ಹಾಗಾದ್ರೆ ಮೀಸೆಗೆ ಆಗೋ ಮಾಸ್ಕ್ ಕೊಡು."

"ಬೆಕ್ಕುಗಳಿಗೇನಾದ್ರೂ ಮಾಡಿದ್ರೆ ಕೇಳಿ ನೋಡ್ತೀನಿ. ಮೂಗಿನ ಕೆಳಗೆ ಅರ್ಧ ಬೆರಳು ಪಟ್ಟಿ ತೆಗೆದ್ರೆ ಸಾಕು, ಉಳಿದಿದ್ದು ಹಾಗೇ ಇರಲಿ."

"ಮೀಸೆ ವಿಷಯ ಬೇಡ. ಇದು ನನ್ನ ಮದುವೆ ಫೋಟೋದಲ್ಲಿದೆ."

"ಫೋಟೋ ನೀರಿಗಿಳಿಯಲ್ಲ ಭಾವ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನಿಮ್ಮದು ಜಟ್ಟಿ ಮುಳುಗಿದ್ರೂ ಮೀಸೆ ಬಿಡಲಿಲ್ಲ ಅಂತಾಗುತ್ತೆ."

"ಹತ್ತು ದಿನವೂ ಊದ್ತೀನಿ. ಯಾರಿಗೇನು ಕಷ್ಟ?"

"ದಿನಕ್ಕೆ ಮೂರು ಸಲ, ಸಲಕ್ಕೆ ಮುಕ್ಕಾಲು ಗಂಟೆ, ಉಪ್ಪು ನೀರು. ಮೂರನೇ ದಿನ ಮೂಗೇ ರಾಜೀನಾಮೆ ಕೊಡುತ್ತೆ. ಅಲ್ಲಿವರೆಗೂ ದೋಣಿಯವರು ಕಾಯಲ್ಲ, ಮೊದಲ ದಿನವೇ ಮೇಲೆ ಕೂರಿಸ್ತಾರೆ. ಸೋರೋ ಮಾಸ್ಕ್ ನಾನಂತೂ ಕೊಡಲ್ಲ."

ಭಾವ ತಮ್ಮ ಮಾಸ್ಕನ್ನೂ ಆ ನಾಲ್ಕರ ಸಾಲಿನಲ್ಲಿಟ್ಟರು. "ನಿಮ್ಮಕ್ಕನಿಗೆ ಮಾತ್ರ ಹೇಳಬೇಡ" ಎಂದರು.

ಹೇಳಬೇಕಾಗಲಿಲ್ಲ. ಅಷ್ಟರಲ್ಲಿ ತಮ್ಮ ಚೀಲ ಹೊತ್ತು ಬಂದ ಅಕ್ಕ, ಸಾಲಾಗಿಟ್ಟಿದ್ದ ಐದು ಮಾಸ್ಕ್‌ಗಳನ್ನೂ ಗಂಡನ ಮುಖವನ್ನೂ ನೋಡಿದರು. ಅರವತ್ತು ಬಾರಿ ಮುಳುಗಿದವರಿಗೆ ಅಷ್ಟು ಸಾಕಾಯಿತು.

"ಎರಡು ತಿಂಗಳಿಂದಲೂ ಹೀಗೇನಾ? ಕೊಳದಲ್ಲಿ ನೀವು ಊದೋದು ನೋಡಿ, ಫಸ್ಟ್ ಬಂದಿದ್ದನ್ನ ನನಗೆ ತೋರಿಸ್ತಿದೀರಿ ಅಂದ್ಕೊಂಡಿದ್ದೆ."

ಭಾವ ಮೀಸೆಯ ನೀರು ಒರೆಸಿಕೊಂಡರು.

"ಇರಲಿ ಬಿಡಿ ರೀ, ಮೀಸೆ ಮುಖ್ಯ" ಎಂದು ಅಕ್ಕ ಚೀಲದ ಜಿಪ್ ಎಳೆದರು. "ನಂಗೇನು ಜೋಡಿ ಸಿಗದೇ ಹೋಗಲ್ಲ. ಹಲ್ಲಿನ ಡಾಕ್ಟರೊಬ್ಬರು ಬರ್ತಿದಾರೆ, ಮುಖ ಕನ್ನಡಿ ಹಾಗಿದೆ. ಒಂದು ಹನಿ ಸೋರಲ್ಲ. ನೀವು ಮೇಲೆ ಟವೆಲ್ ಹಿಡ್ಕೊಂಡಿರಿ. ಈ ಸಲ ಎರಡು."

"ಎರಡನೇದು ಯಾರಿಗೆ?"

"ಡಾಕ್ಟ್ರಿಗೆ."

ಪಕ್ಕದ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ದಿಮ್ಮಿಯೊಂದು ಜಾರಿ ಬಿದ್ದ ಸದ್ದಾಯಿತು. ಭಾವ ಅಂಗಡಿಯೊಳಗೆ ಹೋಗಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ಎಳೆದುಕೊಂಡು ಕೂತರು.

"ಕತ್ತರಿ ತಗೋಮ್ಮಾ."

ಬಟ್ಟೆಯ ಕತ್ತರಿಯನ್ನು ಟೇಪಮ್ಮ ಕೂದಲಿಗೆ ಮುಟ್ಟಿಸುವವರಲ್ಲ. ನೂಲು ಕತ್ತರಿಸುವ ಪುಟ್ಟ ಕತ್ತರಿ ತಂದರು. ಮೊದಲು ಟೇಪು ಹಿಡಿದು ಅಳೆದರು. ಬಿಳಿಯ ಮೀಸೆಯಲ್ಲಿ ಬಿಳಿ ಸೀಮೆಸುಣ್ಣ ಕಾಣದೆ, ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಅಕ್ಕ ಮೇಲಿನಿಂದ ಬಗ್ಗಿ ನೋಡಿ, "ಎಡಗಡೆ ಒಂದೆಳೆ ಜಾಸ್ತಿ ಕಣೇ" ಎಂದರು.

"ಬಟ್ಟೆಯಾದ್ರೆ ಒಳಗೆ ಮಡಿಸಿ ಹೊಲೀಬಹುದು. ಇಲ್ಲಿ ತಪ್ಪಿದ್ರೆ ಮುಗೀತು. ಸುಮ್ಮನಿರಕ್ಕ."

ಭಾವ ಕಣ್ಣು ಮುಚ್ಚಿಕೊಂಡಿದ್ದರು. ಚುಚ್ಚುಮದ್ದಿಗೆ ಕೂತ ಮಕ್ಕಳಿಗೆ ಅವರೇ ಹಿಂದೆ ಹಾಗೆ ಹೇಳಿಕೊಡುತ್ತಿದ್ದರಂತೆ. ಕತ್ತರಿಯಾದ ಮೇಲೆ ರೇಜರ್ ಓಡಿತು. ಕನ್ನಡಿ ಹಿಡಿದಾಗ ಮೀಸೆ ಇನ್ನೂ ಇತ್ತು, ಮೂಗಿನ ಮನೆ ಖಾಲಿ ಮಾಡಿ ತುಟಿಯ ಮೇಲಕ್ಕೆ ಬಂದಿತ್ತು ಅಷ್ಟೆ. ಟೇಪಮ್ಮ ಮಾಸ್ಕ್ ಒತ್ತಿ ಕೈ ಬಿಟ್ಟರು. ಅದು ಬೀಳಲಿಲ್ಲ. ಭಾವ ತಲೆ ಆಡಿಸಿದರು, ಬಗ್ಗಿದರು. ಅದು ಜಪ್ಪಯ್ಯ ಎಂದರೂ ಬೀಳಲಿಲ್ಲ.

"ಸರ್ಕಸ್ ಸಾಕು, ಇಳೀರಿ" ಎಂದು ಅಕ್ಕ ತಾವೂ ಸೂಟು ತೊಟ್ಟು ತೊಟ್ಟಿಗಿಳಿದರು.

ಇಬ್ಬರೂ ತಳದಲ್ಲಿ ಎದುರುಬದುರು ಕೂತರು. ಹತ್ತು ನಿಮಿಷ ಕಳೆಯಿತು. ಭಾವನ ತಲೆ ಒಮ್ಮೆಯೂ ಮೇಲಕ್ಕೆ ವಾಲಲಿಲ್ಲ. ಟೇಪಮ್ಮ ಸ್ಪ್ಯಾನರ್‌ನಿಂದ ತೊಟ್ಟಿಯ ಅಂಚಿಗೆ ಬಡಿದರು, ಯಾರೂ ಕತ್ತೆತ್ತಲಿಲ್ಲ. ಪರೀಕ್ಷೆಗೆಂದು ಇಡುವ ಸಿಲಿಂಡರಿನಲ್ಲಿ ಗಾಳಿ ಕಾಲು ಭಾಗ ಮಾತ್ರ ಇರುತ್ತದೆ. ಹದಿನೇಳನೆಯ ನಿಮಿಷಕ್ಕೆ ಭಾವನ ಗಾಳಿಮಾಪಕದ ಮುಳ್ಳು ಕೆಂಪಿಗೆ ಬಂದಾಗ ಇಬ್ಬರೂ ಎದ್ದರು.

ಭಾವ ಮಾಸ್ಕ್ ಕಳಚಿ ಒಳಗೆ ಬೆರಳಾಡಿಸಿ ನೋಡಿದರು. ಒಣಗಿತ್ತು.

"ಕೊಳದಲ್ಲಿ ನೀನು ಬರೀ ಮಸುಕಾಗಿ ಕಾಣ್ತಿದ್ದೆ ಕಣೇ" ಎಂದು ಹೆಂಡತಿಗೆ ಹೇಳಿದರು. "ಯಾರ ಕೈ ಹಿಡ್ಕೊಂಡಿದೀನೋ ಅನ್ನೋ ಹಾಗೆ. ಇವತ್ತು ಮುಖ ಕಾಣಿಸ್ತು."

"ಕಂಡು ಹೆದರಿ ಮೇಲೆ ಬಂದ್ರಾ?"

"ಇಲ್ಲ. ಗಾಳಿ ಮುಗೀತು."

ಅಕ್ಕ ನೀರಿನಿಂದ ಮೇಲೇರಲಿಲ್ಲ. ಅಲ್ಲೇ ನಿಂತು ತಂಗಿಯ ಕಡೆ ತಿರುಗಿ, "ತುಂಬಿರೋ ಸಿಲಿಂಡರ್ ಇನ್ನೆರಡು ಇದೆಯೇನೇ?" ಎಂದು ಕೇಳಿದರು.