ಹೋಗಿ ಬರುವ ಕುಣಿಕೆ

ನನ್ನ ನಾದಿನಿ ಜಂಬದ ಕೋಳಿ. ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ, ತಪ್ಪು ತನ್ನದೆಂದು ಒಮ್ಮೆಯೂ ಒಪ್ಪಿದವಳಲ್ಲ. ಹಾಲು ಉಕ್ಕಿದರೆ ತಪ್ಪು ಒಲೆಯದು, ಬಸ್ಸು ತಪ್ಪಿದರೆ ಬಸ್ಸಿನದು.

ಇಂಥವಳು ಕಾಲುಚೀಲದ ಕಾರ್ಖಾನೆಯೊಂದಕ್ಕೆ ಕಂಪೈಲರ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದಳು. ಹೆಣಿಗೆ ಮಾಸ್ತರು ತಮಗೆ ತಿಳಿದಂತೆ ಬರೆದ ನಮೂನೆಯನ್ನು ಯಂತ್ರದ ಸೂಜಿಗಳಿಗೆ ಅರ್ಥವಾಗುವ ಸೂಚನೆಗಳಾಗಿ ಮಾರ್ಪಡಿಸುವುದು ಅದರ ಕೆಲಸ. ಇಡೀ ಕಂಪೈಲರನ್ನು ಒಂದೊಂದೇ ಕೆಲಸ ಮಾಡುವ ಸಣ್ಣ ಸಣ್ಣ ಫಂಕ್ಷನ್‌ಗಳಿಂದಲೇ ಕಟ್ಟಿದ್ದಳು. ಪ್ರತಿಯೊಂದೂ ಒಂದು ನಮೂನೆಯನ್ನು ತೆಗೆದುಕೊಂಡು ಹೊಸದೊಂದನ್ನು ಕೊಡಬೇಕು, ಹಳೆಯದನ್ನು ತಿದ್ದಬಾರದು, ಅಕ್ಕಪಕ್ಕದ ಯಾವುದನ್ನೂ ಮುಟ್ಟಬಾರದು. ತನ್ನ ಫಂಕ್ಷನ್‌ಗಳಿಗೆ ಅಡ್ಡಪರಿಣಾಮವೇ ಇಲ್ಲವೆಂದು ಊಟದ ಮೇಜಿನಲ್ಲೂ ಕೊಚ್ಚಿಕೊಳ್ಳುತ್ತಿದ್ದಳು. ನನ್ನ ಬಿ.ಪಿ. ಮಾತ್ರೆಗೂ ಇಲ್ಲದ ಭಾಗ್ಯ.

ಅವುಗಳಲ್ಲೊಂದು ಫಂಕ್ಷನ್ ದಂಡದ ಕೆಲಸಗಳನ್ನು ಹುಡುಕಿ ಕಿತ್ತುಹಾಕುತ್ತಿತ್ತು. ಮಾಸ್ತರು ಹಿಮ್ಮಡಿಯ ಮೂಲೆಯಲ್ಲಿ ನೂಲಿನ ಒಂದು ಕುಣಿಕೆಯನ್ನು ಪಕ್ಕದ ಸೂಜಿಗೆ ದಾಟಿಸಿ, ಕೂಡಲೇ ವಾಪಸ್ ತರುತ್ತಿದ್ದರು. ಹೋಗಿ ಬಂದರೆ ಇದ್ದಲ್ಲೇ ಇದ್ದಂತೆ ಎಂದು ಫಂಕ್ಷನ್ ಎರಡೂ ಸೂಚನೆಗಳನ್ನು ತೆಗೆದುಹಾಕಿತು. ಜೊತೆಯೊಂದಕ್ಕೆ ನಾಲ್ಕು ಸೆಕೆಂಡು ಉಳಿಯಿತು. ಮಾಲೀಕರು ಹಿಗ್ಗಿದರು.

ತಿಂಗಳು ಕಳೆಯುವುದರೊಳಗೆ ಕಾಲುಚೀಲಗಳು ಅಂಗಡಿಗಳಿಂದ ಮೂಟೆಗಟ್ಟಲೆ ವಾಪಸ್ ಬಂದವು. ಎಲ್ಲದರ ಹಿಮ್ಮಡಿಯೂ ಹರಿದಿತ್ತು. ನಮೂನೆ ಬರೆದವರು ಮಾಸ್ತರಲ್ಲವೇ? ಅವರನ್ನು ಸೋಮವಾರದ ಸಭೆಯಲ್ಲಿ ಮನೆಗೆ ಕಳಿಸುವುದೆಂದು ಮಾಲೀಕರು ಎಲ್ಲರ ಕಿವಿಗೂ ಹಾಕಿದರು. ನಿವೃತ್ತಿಗೆ ಇನ್ನೆರಡು ವರ್ಷವಿದ್ದ ಮಾಸ್ತರು ಅವಳ ಕೋಣೆಗೆ ಬಂದರು.

"ಹೋಗಿ ಬರೋದ್ರಲ್ಲಿ ನೂಲು ಒಂಚೂರು ಸಡಿಲ ಆಗುತ್ತೆ ಮೇಡಂ. ಆ ಸಡಿಲ ಇಲ್ದೇ ಹಿಮ್ಮಡಿ ತಡೆಯಲ್ಲ."

ಹೋಗಿ ಬಂದರೂ ಇದ್ದಲ್ಲೇ ಇದ್ದರೂ ಒಂದೇ ಎನ್ನುವುದಕ್ಕೆ ತನ್ನ ಬಳಿ ಎರಡು ಪುಟದ ರುಜುವಾತಿದೆ ಎಂದು ಅವಳು ಕಾಗದ ಚಾಚಿದಳು. ಮಾಸ್ತರು ಅದನ್ನು ಮುಟ್ಟಲಿಲ್ಲ.

"ನಿಮ್ಮ ಲೆಕ್ಕಕ್ಕೆ ಕಾಲಿಲ್ಲ ಮೇಡಂ, ಅದಕ್ಕೇ ಸರಿಯಾಗಿದೆ," ಎಂದು ಹೊರಟುಹೋದರು.

ಆಮೇಲಿನ ನಾಲ್ಕು ದಿನ ಅವಳು ಎರಡು ಕಾಲಿಗೆ ಎರಡು ಬಗೆಯ ಚೀಲ ಹಾಕಿಕೊಂಡು ಊರೆಲ್ಲ ಅಲೆದಳು. ನಮ್ಮ ಮನೆಯ ಮೂರು ಮಹಡಿಯ ಮೆಟ್ಟಿಲನ್ನೂ ಸುಮ್ಮಸುಮ್ಮನೆ ಹತ್ತಿ ಇಳಿದಳು. ತಲೆ ಕೆಟ್ಟಿದೆಯೇ ಎಂದು ಕೇಳಿದೆ.

"ಮಾಸ್ತರ ಬಾಯಿ ಮುಚ್ಚಿಸ್ಬೇಕು ಅತ್ತಿಗೆ," ಎಂದಳು.

ಸೋಮವಾರ ನಡೆದದ್ದನ್ನು ನನಗೆ ಹೇಳಿದವರು ಮಾಸ್ತರೇ. ಮಾಲೀಕರು ಅವರ ಹೆಸರೆತ್ತುತ್ತಿದ್ದಂತೆ ಇವಳು ಬೂಟು ಕಳಚಿ, ಎರಡೂ ಪಾದಗಳನ್ನು ಸಭೆಯ ಮೇಜಿನ ಮೇಲೆ ಇಟ್ಟಳಂತೆ.

"ಎಡಗಾಲಿಂದು ಮಾಸ್ತರು ಬರೆದ ಹಾಗೇ ಹೆಣೆದದ್ದು," ಎಂದಳು.

ಬಲಗಾಲಿನ ಹಿಮ್ಮಡಿ ಇಡಿಯಾಗಿ ಚೀಲದಿಂದ ಆಚೆ ಬಂದಿತ್ತು. ಅದನ್ನು ಮಾಲೀಕರ ಕಡೆಗೆ ತಿರುಗಿಸಿದಳು.

"ಇದು ನಂದು."