ಹಂದಿಗೆ ಕೃಪೆ, ಬಾಣಂತಿಗೆ ಕಟ್ಟಳೆ

ನಮ್ಮ ಮನೆಯವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರು ಬಾವುಟ, ಕೆಂಪು ಬಾವುಟ ತೋರಿಸಿಕೊಂಡೇ ಆಯುಸ್ಸು ಕಳೆದವರಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಅರಸೀಕೆರೆಯ ನಮ್ಮ ಚರ್ಚಿನ ಸಮಿತಿಗೆ ಕಾರ್ಯದರ್ಶಿಯಾದರು. ಅಲ್ಲಿಂದ ಮುಂದೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಚಿಂತೆ ಅವರಿಗೆ ಮತ್ತೆ ಶುರುವಾಯಿತು.

ಚರ್ಚು ದೊಡ್ಡದೇನಲ್ಲ. ಹಂಚಿನ ಸೂರು, ಗೂಡ್ಸ್ ಗಾಡಿ ಹೋದಾಗ ಗಡಗಡ ಎನ್ನುವ ಕಿಟಕಿ, ಗೇಟಿನ ಪಕ್ಕದಲ್ಲೊಂದು ಹೊಂಗೆ ಮರ. ಬರುವವರು ರೈಲ್ವೆಯವರು, ನರ್ಸುಗಳು, ಜಾವಗಲ್ ಮತ್ತು ಗೆಂಡೆಹಳ್ಳಿ ಕಡೆಯಿಂದ ಬಸ್ಸು ಹತ್ತಿ ಬರುವ ಕೆಲವು ಸಂಸಾರಗಳು, ಹಳೇಬೀಡಿನ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದ ನನ್ನಂಥವರು. ಕ್ರಿಸ್‌ಮಸ್ ದಿನ ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಒಲೆ ಹೂಡಿ ಎಲ್ಲರಿಗೂ ಹಂದಿ ಸಾರು, ಮುದ್ದೆ ಬಡಿಸುವುದು ನನ್ನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಅದರ ಖಾರ ರುಬ್ಬುವುದು ನಮ್ಮ ಮನೆಯಲ್ಲಿ. ಯೇಸು ಹುಟ್ಟಿದ ಸಂತೋಷ ಎಷ್ಟು, ಸಾರಿನ ಸಂತೋಷ ಎಷ್ಟು ಎಂದು ನಮ್ಮ ಗಂಡಸರನ್ನು ಕೇಳಬಾರದು. ಪಾಪ, ಸುಳ್ಳು ಹೇಳಬೇಕಾಗುತ್ತದೆ.

ಹೀಗಿರುವಾಗ ನಮ್ಮಲ್ಲಿಗೆ ಹೊಸ ಅಯ್ಯನವರು ಬಂದರು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಮೊಬೈಲಿನಲ್ಲಿ ಎಲ್ಲೆಲ್ಲಿಯದೋ ಉಪದೇಶ ಕೇಳಿ ಕೇಳಿ ತಲೆಗೆ ಹುಳ ಬಿಟ್ಟುಕೊಂಡಿದ್ದರು. ಯೇಸುವಿಗಿಂತ ಎಷ್ಟೋ ಹಿಂದೆ ಮೋಶೆ ಯೆಹೂದ್ಯರಿಗೆ ಕೊಟ್ಟ ಧರ್ಮಶಾಸ್ತ್ರಕ್ಕೆ ಇವತ್ತಿನ ಕ್ರೈಸ್ತರೂ ಬದ್ಧರೋ ಅಲ್ಲವೋ ಎಂಬುದೇ ಆ ಹುಳ. ಬದ್ಧರೇ ಎಂದು ಅವರ ತೀರ್ಮಾನ. ಯೇಸು ಅದನ್ನು ಅಳಿಸಲು ಬಂದವನಲ್ಲ, ನಾವು ನಮ್ಮ ಸುಖಕ್ಕೆ ಅದನ್ನು ಮೂಲೆಗೆ ಎಸೆದಿದ್ದೇವೆ ಎಂದು ಮಳೆಗಾಲ ಪೂರ್ತಿ ಭಾನುವಾರ ಭಾನುವಾರ ಪ್ರಸಂಗ ಮಾಡಿದರು. ನಮ್ಮ ಮನೆಯವರು ಮುಂದಿನ ಬೆಂಚಿನಲ್ಲಿ ಕೂತು ತಲೆದೂಗಿದರು.

ತಲೆದೂಗುವಾಗ ಅವರ ಮೈಮೇಲಿದ್ದದ್ದು ಟೆರಿಕಾಟ್ ಸಫಾರಿ. ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬಾರದು ಎಂದು ಅದೇ ಶಾಸ್ತ್ರದಲ್ಲಿದೆ. ಗಡ್ಡದ ಅಂಚು ಕತ್ತರಿಸಬಾರದು ಎಂದೂ ಇದೆ. ಇವರು ಶನಿವಾರ ಸಂಜೆ ಸಲೂನಿಗೆ ಹೋಗಿ ಗಡ್ಡ ನುಣ್ಣಗೆ ಹೊಡೆಸಿಕೊಂಡು, ಮೀಸೆಗೆ ಬಣ್ಣ ಹಾಕಿಸಿಕೊಂಡು ಬರುವವರು. ಶನಿವಾರವೇ ಸಬ್ಬತ್ ದಿನ, ಅವತ್ತು ಯಾರಿಂದಲೂ ಕೆಲಸ ಮಾಡಿಸಬಾರದು ಎಂಬುದು ಬೇರೆ ವಿಷಯ.

ನಾನೂ ಓದಿದವಳೇ. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ: "ನೋಡ್ರೀ, ಯೆಹೂದ್ಯರಲ್ಲದವರ ಹೆಗಲಿಗೆ ಈ ನೊಗ ಕಟ್ಟಬೇಡಿ ಅಂತ ಮೊದಲಿನ ಸಭೆಯ ಹಿರಿಯರೇ ಕೂತು ತೀರ್ಮಾನ ಮಾಡಿದಾರೆ. ಕೆಲವೇ ಕೆಲವು ಬಿಡಿ ಅಂದ್ರು. ಅದರಲ್ಲಿ ಒಂದು ರಕ್ತ ತಿನ್ನೋದು."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಭಾನುವಾರ ಬೆಳಗ್ಗೆ ಈರುಳ್ಳಿ, ಹಸಿಮೆಣಸು ಹಾಕಿ ಹುರಿದ ಕುರಿ ರಕ್ತದ ಪಲ್ಯವಿಲ್ಲದೆ ಅವರಿಗೆ ಆರಾಧನೆಗೆ ಹೊರಡಲು ಕಾಲೇ ಬರುವುದಿಲ್ಲ.

"ಅದು ಆ ಕಾಲದ ಮಾತು ಕಣೇ," ಎಂದರು.

ಅಲ್ಲಿಯವರೆಗೆ ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು. ದೀಪಾವಳಿಯ ಹೊತ್ತಿಗೆ ತಮಾಷೆ ಮುಗಿಯಿತು. ಬೇಲೂರಿಗೆ ಕೊಟ್ಟ ನನ್ನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು.

ಮಗುವನ್ನು ಮೊದಲು ಕೈಗೆತ್ತಿಕೊಂಡವಳು ನನ್ನ ಅವ್ವ. ತೊಂಬತ್ತರ ಹತ್ತಿರದ ಜೀವ, ನಮ್ಮ ಜೊತೆಯಲ್ಲೇ ಇದ್ದಳು. ಎರಡು ಹೆಜ್ಜೆ ಇಟ್ಟರೆ ಉಸಿರು ಮೇಲಕ್ಕೆ ಬರುತ್ತಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ಕಾಲ ನಂಬಿಕೊಂಡಿರಬೇಡಿ ಎಂದಿದ್ದರು. ಅವ್ವನಿಗೆ ಅದು ಯಾರೂ ಹೇಳದೆಯೇ ಗೊತ್ತಿತ್ತು.

"ಕ್ರಿಸ್‌ಮಸ್ಸಿಗೆ ಇವಳನ್ನ ನಾನೇ ಗುಡಿ ಒಳೀಕೆ ಎತ್ಕೊಂಡು ಹೋಗ್ತೀನಿ ಮಗ. ದೀಕ್ಷಾಸ್ನಾನ ಆಗೋಗ್ಲಿ. ಆಮ್ಯಾಕೆ ನನ್ನ ಯಾವಾಗ ಕರೆದ್ರೂ ಬತ್ತೀನಿ ಅಂತ ಯೇಸುಸ್ವಾಮಿಗೆ ಹೇಳಿವ್ನಿ," ಎಂದಳು. ಚರ್ಚು ಎಂಬ ಮಾತು ಅವಳ ಬಾಯಿಗೆ ಕೊನೆಯವರೆಗೂ ಹತ್ತಲಿಲ್ಲ.

ಒಳಗೆ ಎತ್ತಿಕೊಂಡು ಹೋಗುವುದು ಅವಳಿಗೆ ಯಾಕೆ ಅಷ್ಟು ದೊಡ್ಡದು ಎಂದು ಹೇಳಬೇಕು. ಅವ್ವ ಜಾವಗಲ್ ಆಚೆಯ ಒಂದು ಹಳ್ಳಿಯವಳು. ಅವಳ ಕಾಲದಲ್ಲಿ ಅಲ್ಲಿ ಹೆತ್ತ ಹೆಂಗಸನ್ನು ಊರ ಹೊರಗೆ, ತೆಂಗಿನ ಗರಿ ಹೊದಿಸಿದ ಒಂದು ಗುಡಿಸಲಲ್ಲಿ ಇಡುತ್ತಿದ್ದರು. ಮೈಲಿಗೆ ಕಳೆಯುವವರೆಗೆ ತಾಯಿ ಮಗು ಇಬ್ಬರೇ. ಅವ್ವನ ಮೊದಲ ಮಗು ಹುಟ್ಟಿದ್ದು ಮಾಗಿಯ ಚಳಿಯಲ್ಲಿ. ಅದೂ ಹೆಣ್ಣು. ಒಂದು ಬೆಳಗ್ಗೆ ಹಾಲು ಕುಡಿಸಲು ಎತ್ತಿಕೊಂಡರೆ ಮಗು ತಣ್ಣಗಾಗಿತ್ತು. ಅವ್ವ ಕೂಗಿಕೊಂಡಳಂತೆ. ಮನೆಯವರು ಬಂದು ದೂರದಲ್ಲೇ ನಿಂತು ಅತ್ತರಂತೆ. ಯಾರೂ ಮುಟ್ಟಲಿಲ್ಲ. ನನ್ನ ಆ ಅಕ್ಕನಿಗೆ ಹೆಸರೂ ಇಟ್ಟಿರಲಿಲ್ಲ.

ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಹಟ ಹಿಡಿದು ಅಪ್ಪನನ್ನು ಹೊರಡಿಸಿಕೊಂಡು ಅರಸೀಕೆರೆಗೆ ಬಂದಳು. ಇದೇ ಚರ್ಚಿಗೆ ಬರುತ್ತಿದ್ದ ಒಬ್ಬ ನರ್ಸಮ್ಮ ತನ್ನ ಮನೆಯಲ್ಲೇ ಹೆರಿಗೆ ಮಾಡಿಸಿದಳು. ಮುಂದಿನ ಭಾನುವಾರ ಆಕೆ ಹಸಿ ಬಾಣಂತಿಯ ಕೈಹಿಡಿದು ಒಳಗೆ ಕರೆದೊಯ್ದು ಎಲ್ಲರ ನಡುವೆ ಬೆಂಚಿನ ಮೇಲೆ ಕೂರಿಸಿದಳು. ಯಾರೂ ಎದ್ದು ಆಚೆ ಹೋಗಲಿಲ್ಲ. ಅವ್ವ ಕ್ರೈಸ್ತಳಾದದ್ದು ಅಷ್ಟಕ್ಕೇ. ಬೇರೆ ಯಾವ ಸಿದ್ಧಾಂತವೂ ಅವಳಿಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ.

ಡಿಸೆಂಬರ್ ಮೊದಲ ವಾರ ಸಮಿತಿ ಸೇರಿತು. ಮನೆಯವರು ಮರಳಿ ಬಂದು ಚಪ್ಪಲಿ ಬಿಡುವುದಕ್ಕೇ ಬಹಳ ಹೊತ್ತು ತೆಗೆದುಕೊಂಡರು. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕು.

"ಏನು ತೀರ್ಮಾನ ಆಯ್ತು?" ಎಂದೆ.

"ಎರಡು ವಿಷಯ ಇತ್ತು. ಒಂದು, ಹಂದಿ ಸಾರು. ಶಾಸ್ತ್ರದ ಪ್ರಕಾರ ಹಂದಿ ಅಶುದ್ಧ ಅಂದ್ರು ಅಯ್ಯನೋರು. ಚರ್ಚೆ ಆಯ್ತು. ಕ್ರಿಸ್ತನ ಕೃಪೆ ಇರೋದರಿಂದ ಊಟದ ವಿಷಯದಲ್ಲಿ ನಾವು ಸ್ವತಂತ್ರರು ಅಂತ ಎಲ್ಲರೂ ಒಪ್ಪಿದ್ವಿ."

"ಎರಡನೇದು?"

"ಬಾಣಂತೀರ ವಿಷಯ. ಗಂಡು ಹೆತ್ತರೆ ನಲವತ್ತು ದಿನ, ಹೆಣ್ಣು ಹೆತ್ತರೆ ಎಂಬತ್ತು ದಿನ ದೇವರ ಮನೆಗೆ ಬರಬಾರದು ಅಂತ ಇದೆ. ಅದನ್ನ ಈ ವರ್ಷದಿಂದ ನಡೆಸಿಕೊಂಡು ಹೋಗೋಣ, ತಾಯಿ ಬರೋವರೆಗೆ ಮಗೂನೂ ಬೇಡ ಅಂತ..."

"ನೀವೂ ಕೈ ಎತ್ತಿದ್ರಾ?"

"ಕಾರ್ಯದರ್ಶಿ ಅಲ್ವಾ ನಾನು," ಎಂದರು.

ನಾನು ಒಳಗೆ ಹೋಗಿ ಆ ಪುಟಗಳನ್ನು ತೆಗೆದು ಅವರ ಮುಂದೆ ಇಟ್ಟೆ. ಹಂದಿಯ ಕಟ್ಟಳೆ ಇರುವ ಅಧ್ಯಾಯ ಮುಗಿದ ಕೂಡಲೇ ಬಾಣಂತಿಯ ಕಟ್ಟಳೆ ಶುರುವಾಗುತ್ತದೆ. ನಡುವೆ ಒಂದು ಬೆರಳಿಡುವಷ್ಟು ಜಾಗವಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಇವರ ಕೃಪೆ ಅದೆಲ್ಲಿ ಇಳಿದುಹೋಯಿತೋ, ಕಾನೂನು ಅದೆಲ್ಲಿ ಹತ್ತಿಕೊಂಡಿತೋ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ಕೇಳಿದ್ದೆ. ನಮ್ಮವರು ಬದನೆಕಾಯಿಗೆ ತೃಪ್ತಿಪಡುವವರಲ್ಲ.

ಮರುದಿನ ಅಯ್ಯನವರು ತಾವೇ ಮನೆಗೆ ಬಂದರು. ಮಗುವನ್ನು ನೋಡಿ ನಕ್ಕರು, ಕಾಫಿ ಕುಡಿದರು. "ಬೇಜಾರು ಮಾಡ್ಕೋಬೇಡಿ ಟೀಚರ್. ಗಂಡುಮಗು ಆಗಿದ್ದಿದ್ರೆ ಕ್ರಿಸ್‌ಮಸ್ಸಿಗೆ ಮುಂಚೇನೇ ಮುಗಿದುಹೋಗ್ತಿತ್ತು. ಜನವರಿ ಕೊನೆಗೆ ದೀಕ್ಷಾಸ್ನಾನ ಇಟ್ಕೊಳ್ಳೋಣ," ಎಂದರು. ನಿಜವಾಗಿಯೂ ನೊಂದುಕೊಂಡೇ ಹೇಳಿದರು. ನನ್ನ ಮಗಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಜನವರಿ ಕೊನೆಯವರೆಗೆ ಅವ್ವ ಇರುತ್ತಾಳೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ಕೇಳಬೇಕೆನಿಸಿತು. ಅವ್ವ ಅಲ್ಲೇ ಮಂಚದ ಮೇಲಿದ್ದಳು, ಅವಳೆದುರು ನಾನು ಕೇಳಲಿಲ್ಲ.

ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರದವರು, ಲಿಂಗವಂತರು. ಆ ಮನೆಯಾಕೆ ಬಾಣಂತಿಗೆಂದು ಕೊಬ್ಬರಿ ತಂದುಕೊಟ್ಟವಳು ವಿಷಯ ಕೇಳಿ ಕೆನ್ನೆಗೆ ಕೈಯಿಟ್ಟುಕೊಂಡಳು.

"ಅಯ್ಯೋ, ನಿಮ್ಮೋರಲ್ಲೂ ಮೈಲಿಗೆ ಐತಾ ಮೇಡಂ? ನಮ್ಮಲ್ಲಿ ಕೊರಳಿಗೆ ಲಿಂಗ ಬಿದ್ಮೇಲೆ ಯಾವ ಸೂತಕಾನೂ ಇಲ್ಲ ಕಣ್ರೀ."

"ಹಾಗಾದ್ರೆ ನಿಮ್ಮ ಮನೇಲಿ ಯಾರೂ ಆಚರಿಸಲ್ವಾ?"

"ಇಲ್ಲ... ನಮ್ಮತ್ತೆ ಒಬ್ಬರು ಆಚರಿಸ್ತಾರೆ," ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೇವರು ಯಾವುದನ್ನು ರದ್ದು ಮಾಡಿದರೂ ಅದನ್ನು ಎತ್ತಿಟ್ಟುಕೊಳ್ಳಲು ಎಲ್ಲ ಮತದಲ್ಲೂ ಯಾರಾದರೊಬ್ಬರು ಕಾದಿರುತ್ತಾರೆ.

ಕಟ್ಟಳೆ ಎಂದರೆ ನನಗೆ ಅಲರ್ಜಿಯೇನಲ್ಲ. ಹಳೇಬೀಡಿನ ಶಾಲೆಯಲ್ಲಿ ನನ್ನ ಜೊತೆ ಒಬ್ಬ ಜೈನ ಮೇಡಂ ಇದ್ದರು, ಬಸ್ತಿಹಳ್ಳಿಯವರು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ತಿನ್ನುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ದಿನ ನಾವೆಲ್ಲ ದೀಪ ಹಚ್ಚಿದ ಮೇಲೆ ಪಲಾವು ಹೊಡೆಯುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಹರಟುತ್ತಿದ್ದರು. ಹಸಿದವರು ಅವರು, ನಮ್ಮ ತಟ್ಟೆಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಅವರ ವ್ರತದ ಭಾರ ಅವರ ಹೊಟ್ಟೆಯ ಮೇಲೇ ಇತ್ತು. ನಮ್ಮ ಸಮಿತಿಯವರು ಆರಿಸಿಕೊಂಡದ್ದು ತಮ್ಮಲ್ಲಿ ಯಾರೂ, ಯಾವ ಜನ್ಮದಲ್ಲೂ ಪಾಲಿಸಬೇಕಾಗಿ ಬರದ ಒಂದು ಕಟ್ಟಳೆಯನ್ನು. ಇಷ್ಟು ಸುಲಭದ ಭಕ್ತಿ ನಾನು ಬೇರೆಲ್ಲೂ ಕಂಡಿಲ್ಲ.

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನನ್ನ ಕೋಪ ಗಂಡಸರ ದವಡೆಗೆ ಮೂಲವಾಗಲಿ ಎಂದು ನಾನು ಆ ವರ್ಷ ಖಾರ ರುಬ್ಬಲಿಲ್ಲ. ಸಭೆಯ ಹೆಂಗಸರಿಗೆಲ್ಲ ಹೇಳಿಕಳಿಸಿದೆ. ಶಾಸ್ತ್ರ ಎಂದಮೇಲೆ ಪೂರ್ತಿ ಶಾಸ್ತ್ರ. ಹಂದಿ ಮುಟ್ಟಲಾರೆವು ಎಂದು ಅವರೆಲ್ಲ ಒಂದೇ ಮಾತು ಹಿಡಿದರು. ಅವರೆಕಾಯಿ ಕಾಲ. ಕ್ರಿಸ್‌ಮಸ್ಸಿಗೆ ಹಿತಕಿದ ಅವರೆಬೇಳೆ ಸಾರು ಮಾಡಿದೆವು. ನಮ್ಮ ಮನೆಯವರು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಇನ್ನೊಂದು ಪಾತ್ರೆಯ ಮುಚ್ಚಳ ತೆಗೆದರು. ಅದರಲ್ಲೂ ಅವರೆಯೇ ಇತ್ತು.

ಆ ಬೆಳಗ್ಗೆ ಮಗಳು ಮನೆಯಲ್ಲಿ ಉಳಿಯಲು ಒಪ್ಪಲಿಲ್ಲ. ಗೇಟಿನವರೆಗೆ ಬರುವುದಕ್ಕೆ ಯಾರಪ್ಪಣೆಯೂ ಬೇಡ ಎಂದು ಮಗುವನ್ನು ಎತ್ತಿಕೊಂಡು ಬಂದು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಳು. ಅವ್ವನನ್ನು ಆಟೋದಲ್ಲಿ ಕರೆತಂದೆವು. ಇಬ್ಬರು ಹಿಡಿದುಕೊಂಡು ಮೆಟ್ಟಿಲ ಕಡೆ ನಡೆಸಲು ಹೋದರೆ ಅವಳು ಕಾಲೂರಿ ನಿಂತಳು.

"ಕೂಸೆಲ್ಲಿ?"

"ಅಲ್ಲಿದಾಳೆ ಅವ್ವ, ಮರದ ಹತ್ರ. ಅವಳು ಈಗ ಒಳಗೆ ಬರೋ ಹಾಗಿಲ್ಲ."

"ಅಂಗಾರೆ ನನ್ನೂ ಅಲ್ಲೇ ಕೂರ್ಸು."

ಕೂರಿಸಿದೆ. ಗಂಟೆ ಹೊಡೆಯಿತು, ಹಾಡು ಶುರುವಾಯಿತು. ಸಭೆಯ ಹಿರಿಯಳು ಹೊರಗೆ ಕೂತಿದ್ದಾಳೆಂದು ಗೊತ್ತಾಗಿ ಅಯ್ಯನವರು ಬಿಳಿ ನಿಲುವಂಗಿ ಎತ್ತಿ ಹಿಡಿದು ಅಂಗಳ ದಾಟಿ ಬಂದರು.

"ಅಜ್ಜಿ, ಬನ್ನಿ ಒಳಗೆ. ನಿಮಗೇನೂ ತಡೆ ಇಲ್ಲ."

ಅವ್ವ ಉಸಿರು ಎಳೆದುಕೊಳ್ಳುತ್ತ ಹೇಳಿದಳು: "ಆಚೆ ಕೂರ್ಸೋ ದೇವ್ರು ನಮ್ಮೂರಾಗೇ ಇದ್ದ ಅಯ್ಯನೋರೇ. ಒಳೀಕೆ ಕರಿಯೋನು ಒಬ್ಬ ಅವ್ನೆ ಅಂದಿದ್ಕೆ ಇಲ್ಲಿಗ್ ಬಂದೆ. ಇವ್ನೂ ಅಂಗೇ ಅಂದಿದ್ರೆ, ಅಷ್ಟ್ ದೂರ ಬತ್ತಾನೇ ಇರ್ಲಿಲ್ಲ."

ಅಯ್ಯನವರು ಒಳಗೆ ಹೋದರು. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಹೊತ್ತಿಗೆ ರೊಟ್ಟಿಯ ತಟ್ಟೆಯನ್ನು ಹೊರಗೇ ತಂದು ಅವಳ ಅಂಗೈಯಲ್ಲಿ ಒಂದು ಚೂರು ಇಟ್ಟರು. ಅವ್ವ ಅದನ್ನು ಎರಡು ಮಾಡಿದಳು. ಅರ್ಧ ತನ್ನ ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ನನ್ನ ಮಗಳ ಬಾಯಿಗಿಟ್ಟಳು. ಅಯ್ಯನವರು ತಡೆಯಲಿಲ್ಲ. ತಟ್ಟೆ ಹಿಡಿದುಕೊಂಡು ಮರಳಿ ಹೋಗುವಾಗ ಅವರ ಮುಖ ನೋಡಲು ನನಗೇ ಸಂಕಟವಾಯಿತು.

ಸಂಕಟ ಸರಿ, ಕಟ್ಟಳೆ ಮಾತ್ರ ಹಾಗೇ ಇತ್ತು. ಸಮಿತಿ ಮತ್ತೆ ಸೇರಬೇಕು, ಕೋರಂ ಇರಬೇಕು, ಎಲ್ಲ ಹಬ್ಬದ ರಜದಲ್ಲಿದ್ದಾರೆ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಅಷ್ಟರಲ್ಲಿ ಹೊಸ ವರ್ಷದ ಎರಡನೇ ವಾರ ಅವ್ವ ತೀರಿಕೊಂಡಳು. ಮಗುವನ್ನು ಎತ್ತಿಕೊಂಡು ಒಳಗೆ ಹೋಗಬೇಕೆಂಬ ಒಂದೇ ಆಸೆ ಇಟ್ಟುಕೊಂಡಿದ್ದಳು. ಒಳಗಿದ್ದವರು ಒಂದು ಬಾಗಿಲು ಬಿಟ್ಟುಕೊಟ್ಟಿದ್ದರೆ ಸಾಕಿತ್ತು. ನನಗೆ ಅವತ್ತು ಅಳುವಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

ಶವಪೆಟ್ಟಿಗೆಯನ್ನು ಸಮಿತಿಯವರೇ ಹೊತ್ತು ತಂದರು. ಮುಂದಿನ ಮೂಲೆಗೆ ನಮ್ಮ ಮನೆಯವರೇ ಹೆಗಲು ಕೊಟ್ಟಿದ್ದರು. ಬೆಳಗ್ಗೆ ಅತ್ತೆಯನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದವರೂ ಅವರೇ. ಅಯ್ಯನವರು ಅವಳ ಹಣೆ ಮುಟ್ಟಿ ಪ್ರಾರ್ಥನೆ ಮಾಡಿದ್ದರು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆಯ ಹಿಂದೆಯೇ ನಡೆದು ಬಂದಳು. ಗೇಟು ದಾಟಿದಳು. ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಎಲ್ಲರೂ ನಿಂತರು.

ಅಯ್ಯನವರು ಬಾಗಿಲಲ್ಲಿದ್ದರು. ಅವರ ಕಣ್ಣು ಮಗುವಿನ ಮೇಲಿತ್ತು.

ಆಗ ನಾನು ಹೇಳಿದೆ. ಕೂಗಲಿಲ್ಲ, ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದೆ: "ಹೆಣ ಮುಟ್ಟಿದವನಿಗೆ ಏಳು ದಿನ ಮೈಲಿಗೆ ಅಂತ ಅದೇ ಶಾಸ್ತ್ರದಲ್ಲಿದೆ. ನೀವೆಲ್ಲ ಒಳಗೆ ಹೋಗೋದು ಹೇಗೆ?"

ಹೊತ್ತವರ ಹೆಗಲ ಮೇಲೆ ಅವ್ವ ಇದ್ದಳು, ಇಳಿಸುವ ಹಾಗಿಲ್ಲ, ಮುಂದೆ ಹೋಗುವ ಹಾಗೂ ಇಲ್ಲ. ನಮ್ಮ ಮನೆಯವರು ಕತ್ತು ತಿರುಗಿಸಿ ಮಗಳನ್ನು ನೋಡಿದರು. ಬಣ್ಣ ಹಾಕಿಸಲು ಆ ವಾರ ಪುರಸೊತ್ತಾಗದೆ ಮೀಸೆ ಬೆಳ್ಳಗಾಗಿತ್ತು.

"ಬಾ ಮಗಳೇ," ಎಂದರು. "ಮುಂದೆ ಬಾ. ಇವತ್ತು ನಾವೆಲ್ಲ ಮೈಲಿಗೆಯೋರೇ."

ಅಯ್ಯನವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮೊದಲು ಮಗು ಹೋಯಿತು, ಅದರ ಹಿಂದೆ ಅವ್ವ ಹೋದಳು.